ದುಗ್ಗಮ್ಮನ ಜಾತ್ರೆ ಗೊತ್ತಿಲ್ಲದ ಸಾಫ್ಟ್‌ವೇರ್: ದಿನಸಿ ಅಂಗಡಿಯವನ ಎರಡು ವರ್ಷದ ಅನುಭವ

ಕಳೆದ ವರ್ಷ, ಅಂದರೆ 2025ರ ಮಾರ್ಚ್ ಮೊದಲ ವಾರ, ನಮ್ಮ ಗೋಡೌನಿಗೆ 80 ಕೆಜಿ ಒಣ ಕೊಬ್ಬರಿ ಬಂದು ಇಳಿಯಿತು. ನಮ್ಮ ಅಂಗಡಿಯಲ್ಲಿ ತಿಂಗಳಿಗೆ ಖರ್ಚಾಗುವುದು 12 ಕೆಜಿ. ಹಬ್ಬ ಇದ್ದರೆ 20. ಜೊತೆಗೆ ಧನಿಯಾ, ಗಸಗಸೆ, ಚಕ್ಕೆ, ಲವಂಗ, ಕಡಲೆಬೇಳೆ, ಬೆಲ್ಲ. ನಾನು ಅಮ್ಮನ ಕಣ್ಣಿನ ಆಪರೇಷನ್ ಅಂತ ಹತ್ತು ದಿನ ಬೆಂಗಳೂರಿನಲ್ಲಿದ್ದೆ. ವಾಪಸ್ ಬಂದಾಗ ಅಪ್ಪ ಮೂಟೆಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ‘ಜಾತ್ರಿ ಇಲ್ಲದ ವರ್ಷ ಇಷ್ಟು ಕೊಬ್ರಿ ಯಾರಿಗೆ ತರ್ಸಿದ್ಯಪಾ?’ ಅಂತ ಕೇಳಿದರು.

ತರಿಸಿದ್ದು ನಾನಲ್ಲ. ಸಾಫ್ಟ್‌ವೇರ್.

ನಮ್ಮದು ದಾವಣಗೆರೆಯಲ್ಲಿ ದಿನಸಿ ಅಂಗಡಿ. ಅಪ್ಪ ಶುರು ಮಾಡಿದ್ದು 1991ರಲ್ಲಿ. ಹದಿನಾಲ್ಕು ಅಡಿ ಅಗಲ, ಹಿಂದೆ ಒಂದು ಗೋಡೌನ್, ಕೆಲಸಕ್ಕೆ ಇಬ್ಬರು ಹುಡುಗರು. 2024ರ ಜನವರಿಯಲ್ಲಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆವು. ಬರೀ ಬಿಲ್ ಹೊಡೆಯುವುದಲ್ಲ. ಸ್ಟಾಕ್, ಲಾಭ, ಉದ್ರಿ, ಎಕ್ಸ್‌ಪೈರಿ ಎಲ್ಲದರ ಲೆಕ್ಕ ಇಡುತ್ತದೆ, ಮುಂದೆ ಏನು ತರಿಸಬೇಕು ಅಂತಲೂ ಹೇಳುತ್ತದೆ. ಅದಕ್ಕೆ ‘ಸ್ಮಾರ್ಟ್ ಅನಾಲಿಟಿಕ್ಸ್’ ಅಂತ ಹೆಸರು. ಮೊದಲ ವರ್ಷ 16,500 ರೂಪಾಯಿ, ಆಮೇಲೆ ವರ್ಷಕ್ಕೆ 5,500. ಸ್ಕ್ಯಾನರ್, ಪ್ರಿಂಟರ್, ಎಲೆಕ್ಟ್ರಾನಿಕ್ ತಕ್ಕಡಿ ಬೇರೆ ಖರ್ಚು.

ಕಂಪನಿ ಹೆಸರು ಹಾಕುವುದಿಲ್ಲ. ಮಾರಿದ ಹುಡುಗ ನಮ್ಮ ಬೀದಿಯವನೇ, ದಿನಾ ಟೀಗೆ ಸಿಗುತ್ತಾನೆ. ಅಲ್ಲದೆ ಇದೇ ದರದ ಇನ್ನೂ ಮೂರು ಸಾಫ್ಟ್‌ವೇರ್‌ಗಳನ್ನು ಸ್ನೇಹಿತರ ಅಂಗಡಿಗಳಲ್ಲಿ ನೋಡಿದ್ದೇನೆ. ಬಣ್ಣ ಬೇರೆ, ಬುದ್ಧಿ ಒಂದೇ.

ಡೆಮೊ ಕೊಡುವಾಗ ಆ ಹುಡುಗ ಒಂದು ಕಥೆ ಹೇಳಿದ್ದ. ಅಮೆರಿಕದ ವಾಲ್‌ಮಾರ್ಟ್‌ನಲ್ಲಿ ಸಂಜೆ ಹೊತ್ತು ಡೈಪರ್ ಕೊಳ್ಳಲು ಬರುವ ಗಂಡಸರು ಬಿಯರ್ ಕೂಡ ಕೊಳ್ಳುತ್ತಾರೆ ಅಂತ ಕಂಪ್ಯೂಟರ್ ಕಂಡುಹಿಡಿಯಿತಂತೆ. ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ವ್ಯಾಪಾರ ಎಲ್ಲಿಗೋ ಹೋಯಿತಂತೆ. ಅಪ್ಪ ಪೂರ್ತಿ ಕೇಳಿಸಿಕೊಂಡು ‘ನಾವು ಬಿಯರ್ ಮಾರಲ್ವಲ್ಲ’ ಅಂದರು. ಆಮೇಲೆ ಕುತೂಹಲಕ್ಕೆ ನಾನು ಹುಡುಕಿ ಓದಿದೆ. ಅದು ವಾಲ್‌ಮಾರ್ಟ್ ಅಲ್ಲವೇ ಅಲ್ಲ. ಆಸ್ಕೊ ಡ್ರಗ್ ಅನ್ನುವ ಔಷಧಿ ಅಂಗಡಿಗಳು. 1992ರಲ್ಲಿ ಟೆರಾಡೇಟಾ ಕಂಪನಿಯವರು ಅವರ ಬಿಲ್‌ಗಳನ್ನೆಲ್ಲ ಜಾಲಾಡಿ, ಸಂಜೆ ಐದರಿಂದ ಏಳರೊಳಗೆ ಇವೆರಡು ಒಟ್ಟಿಗೆ ಹೋಗುತ್ತವೆ ಅಂದಿದ್ದರು. ಅಂಗಡಿಯವರು ಯಾವ ಶೆಲ್ಫನ್ನೂ ಸರಿಸಲಿಲ್ಲ. ಮೂವತ್ತು ವರ್ಷದಿಂದ ಸೇಲ್ಸ್‌ನವರು ಮಾತ್ರ ಇದೇ ಕಥೆ ಮಾರುತ್ತಿದ್ದಾರೆ.

ಈಗ ಕೊಬ್ಬರಿಗೆ ಬರುತ್ತೇನೆ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು, ಈ ವರ್ಷ ಮತ್ತೆ ಇದೆ. ಜಾತ್ರೆ ಅಂದರೆ ಮನೆಮನೆಗೂ ನೆಂಟರು. ಒಂದು ದಿನ ಹೋಳಿಗೆ, ಮರುದಿನ ಬಾಡೂಟ. ಮಸಾಲೆ ಸಾಮಾನು ಆ ಹತ್ತು ದಿನದಲ್ಲಿ ಖರ್ಚಾದಷ್ಟು ಮಿಕ್ಕ ಆರು ತಿಂಗಳಲ್ಲಿ ಆಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಸಾಫ್ಟ್‌ವೇರ್ ಹೊಸದು, ಜಾತ್ರೆಯ ಬಿಲ್ ಎಲ್ಲ ಅದರ ಹೊಟ್ಟೆಗೆ ಹೋಯಿತು. ಒಂದು ವರ್ಷ ಕಳೆಯಿತು. 2025ರ ಫೆಬ್ರವರಿ ಕೊನೆಗೆ ಅದು ‘ಕಳೆದ ವರ್ಷ ಇದೇ ತಿಂಗಳು’ ಅಂತ ತಿರುಗಿ ನೋಡಿತು, ಪಟ್ಟಿ ತಯಾರು ಮಾಡಿತು, ಹಸಿರು ಬಣ್ಣದಲ್ಲಿ ‘ಶಿಫಾರಸು ಮಾಡಿದ ಆರ್ಡರ್’ ಅಂತ ತೋರಿಸಿತು. ನಮ್ಮ ಹುಡುಗ ಹಾವೇರಿ ಕಡೆಯವನು, ಕೆಲಸಕ್ಕೆ ಸೇರಿ ಎಂಟು ತಿಂಗಳು. ಪಾಪ, ಓಕೆ ಒತ್ತಿದ. ಆರ್ಡರ್ ವಾಟ್ಸಾಪ್‌ನಲ್ಲಿ ನೇರ ಹೋಲ್‌ಸೇಲ್‌ನವರಿಗೆ ಹೋಯಿತು. ಅವರಿಗೇನು, ಖುಷಿಯಾಗಿ ಕಳಿಸಿದರು.

ಕಡಲೆಬೇಳೆ, ಬೆಲ್ಲ ಹೇಗೋ ಬಚಾವಾದವು. ಆ ವರ್ಷ ಯುಗಾದಿ ಮಾರ್ಚ್ 30ಕ್ಕೇ ಬಂದಿತ್ತು. ಧನಿಯಾ ಜೂನ್ ಹೊತ್ತಿಗೆ ವಾಸನೆ ಕಳೆದುಕೊಂಡಿತು. ಅರ್ಧ ಬೆಲೆಗೆ ಹೋಟೆಲಿನವರಿಗೆ ಕೊಟ್ಟೆ. ಕೊಬ್ಬರಿಯದು ಮಾತ್ರ ತಮಾಷೆ. ತಿಪಟೂರಿನಲ್ಲಿ ಆ ವರ್ಷ ಕೊಬ್ಬರಿ ರೇಟು ಏರಿತು, ಏರಿತು, ಏರುತ್ತಲೇ ಹೋಯಿತು. ಹತ್ತು ಕೆಜಿಯಷ್ಟು ಕಮಟು ಹಿಡಿದಿದ್ದು ಬಿಟ್ಟರೆ ಉಳಿದಿದ್ದರಲ್ಲಿ ಲಾಭವೇ ಆಯಿತು. ಸಾಫ್ಟ್‌ವೇರ್ ಹುಡುಗ ‘ನೋಡಿ ಸಾರ್, ನಮ್ಮ ಫೋರ್‌ಕಾಸ್ಟ್ ಸರಿ ಇತ್ತಲ್ವಾ’ ಅಂದ. ಟೀ ಕಪ್ ಕೈಯಲ್ಲಿತ್ತು, ಅದಕ್ಕೇ ಸುಮ್ನಿದ್ದೆ.

ನಷ್ಟಕ್ಕಿಂತ ಜಾಸ್ತಿ ನನಗೆ ತಲೆ ಕೆಡಿಸಿದ್ದು ಬೇರೆ. ಈ ಸಾಫ್ಟ್‌ವೇರ್ ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ಮಾತ್ರ ಬಲ್ಲದು. ನಮ್ಮ ಗಿರಾಕಿಗಳು ಪಂಚಾಂಗದ ಪ್ರಕಾರ ಕೊಳ್ಳುತ್ತಾರೆ. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ. ಅಂದರೆ ಹಬ್ಬದ ವ್ಯಾಪಾರವೆಲ್ಲ ಸೆಪ್ಟೆಂಬರ್‌ನಿಂದ ಎದ್ದು ಆಗಸ್ಟ್‌ಗೆ ಹೋಗಿ ಕೂತಿತು. ಸೆಪ್ಟೆಂಬರ್ ಕೊನೆಗೆ ಬಂದ ವರದಿಯಲ್ಲಿ ದೊಡ್ಡ ಕೆಂಪು ಬಾಣ: ‘ಮಾರಾಟ 22% ಇಳಿಕೆ. ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದೀರಿ. ಎಸ್‌ಎಂಎಸ್ ಆಫರ್ ಕಳಿಸಿ.’ ಎಸ್‌ಎಂಎಸ್ ಪ್ಯಾಕೇಜಿಗೆ ಬೇರೆ ದುಡ್ಡು, ಗೊತ್ತಲ್ಲ. 2026ರಲ್ಲಿ ಅಧಿಕ ಮಾಸ ಬರುತ್ತದೆ, ಗಣೇಶ ಸೆಪ್ಟೆಂಬರ್ 14ಕ್ಕೆ ಹೋಗುತ್ತಾನೆ. ಆಗ ಆಗಸ್ಟ್‌ನಲ್ಲಿ ಕೆಂಪು ಬಾಣ ಬರುತ್ತದೆ, ಈಗಲೇ ಬರೆದುಕೊಡುತ್ತೇನೆ.

ಹಾಗಂತ ಇದು ದಂಡ ಅಂತ ನಾನು ಹೇಳುತ್ತಿಲ್ಲ. ಇಲ್ಲದಿದ್ದರೆ ಎರಡು ಸಲ ದುಡ್ಡು ಕಟ್ಟುತ್ತಿರಲಿಲ್ಲ.

ಮೊದಲು ಎಕ್ಸ್‌ಪೈರಿ ವಿಷಯ. ಹಿಂದೆ ನಾವು ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಪೂರ್ತಿ ಶೆಲ್ಫ್ ಕೆಳಗಿಳಿಸಿ ತಾರೀಖು ನೋಡುತ್ತಿದ್ದೆವು. ಆದರೂ ವರ್ಷಕ್ಕೆ ಏನಿಲ್ಲವೆಂದರೂ ಹದಿನೈದು ಸಾವಿರದ ಮಾಲು ಎಸೆಯುತ್ತಿದ್ದೆವು. ಈಗ ಪ್ರತಿ ಸೋಮವಾರ ಬೆಳಿಗ್ಗೆ ‘45 ದಿನದೊಳಗೆ ಅವಧಿ ಮುಗಿಯುವವು’ ಅಂತ ಪಟ್ಟಿ ಬರುತ್ತದೆ. ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವುದನ್ನು ಬೇರೆ ಇಡುತ್ತೇವೆ, ಉಳಿದಿದ್ದನ್ನು ಗಲ್ಲಾ ಪಕ್ಕ ಬುಟ್ಟಿಯಲ್ಲಿ ಕಡಿಮೆ ಬೆಲೆಗೆ ಇಡುತ್ತೇವೆ. ಕಳೆದ ವರ್ಷ ಎಸೆದಿದ್ದು 2,800 ರೂಪಾಯಿಯದು. ಸಾಫ್ಟ್‌ವೇರ್ ಖರ್ಚು ಇದೊಂದರಲ್ಲೇ ಹುಟ್ಟಿತು.

ಉದ್ರಿ ಲೆಕ್ಕವೂ ಚೆನ್ನಾಗಿದೆ. ಯಾರ ಬಾಕಿ ಎಷ್ಟು ದಿನದಿಂದ ಇದೆ ಅಂತ ಸಾಲಾಗಿ ತೋರಿಸುತ್ತದೆ. ಅಪ್ಪನ ಕೆಂಪು ಪುಸ್ತಕದಲ್ಲೂ ಇದೆಲ್ಲ ಇತ್ತು. ಆದರೆ ಅವರ ಅಕ್ಷರ ಅವರಿಗೆ ಮಾತ್ರ ಓದಲು ಬರುತ್ತಿತ್ತು.

ಇನ್ನು ನನಗೆ ತುಂಬಾ ಇಷ್ಟವಾದ ಸಂಗತಿ, ಅಂಟುವಾಳದ್ದು. ಸಾಫ್ಟ್‌ವೇರ್‌ನಲ್ಲಿ ‘ನಿಧಾನವಾಗಿ ಹೋಗುವ ಸರಕು’ ಅಂತ ಒಂದು ಪಟ್ಟಿ ಇದೆ. ಅಪರೂಪಕ್ಕೆ ಮಾರಾಟವಾಗುವವು ಅಲ್ಲಿ ಬರುತ್ತವೆ. ಅಂಟುವಾಳಕಾಯಿ ಮೊದಲ ಸ್ಥಾನದಲ್ಲಿತ್ತು. ಇಡೀ ವರ್ಷದಲ್ಲಿ ಹದಿನಾಲ್ಕು ಸಲ ಮಾರಾಟ. ‘ಇನ್ನು ತರಿಸೋದು ಬೇಡ ಬಿಡಿ’ ಅಂದೆ. ಅಪ್ಪ ಒಪ್ಪಲಿಲ್ಲ. ‘ಅಂಟುವಾಳ ಕೇಳೋ ಹೆಣ್ಮಕ್ಕಳು ತಿಂಗಳ ಪೂರ್ತಿ ಸಾಮಾನು ಇಲ್ಲೇ ಒಯ್ತಾರೆ. ಅದು ಸಿಗಲಿಲ್ಲ ಅಂದ್ರೆ ಮಂಡಿಪೇಟೆಗೆ ಹೋಗ್ತಾರೆ, ಉಳಿದದ್ದೂ ಅಲ್ಲೇ ತಗೋತಾರೆ’ ಅಂದರು.

ಇದು ನಿಜವೋ ಸುಮ್ನೆ ಹೇಳುತ್ತಾರೋ? ಸಾಫ್ಟ್‌ವೇರ್‌ಗೆ ಈ ಪ್ರಶ್ನೆ ಕೇಳಲು ಬಟನ್ ಇಲ್ಲ. ಬಿಯರ್ ಡೈಪರ್ ಕಥೆ ಹೇಳಿ ಮಾರಿದವರು ಆ ಲೆಕ್ಕವನ್ನೇ ಕೊಟ್ಟಿಲ್ಲ ನೋಡಿ! ಬಿಲ್‌ಗಳನ್ನು ಎಕ್ಸೆಲ್‌ಗೆ ಇಳಿಸಿಕೊಂಡೆ. ಅಂಗಡಿ ಮುಚ್ಚಿದ ಮೇಲೆ ಎರಡು ರಾತ್ರಿ ಕೂತು, ಯೂಟ್ಯೂಬ್ ನೋಡಿಕೊಂಡು ಪಿವೋಟ್ ಟೇಬಲ್, ಅಂದರೆ ಸಾಲುಗಳನ್ನು ಬೇಕಾದ ಹಾಗೆ ಗುಂಪು ಮಾಡಿ ಕೂಡಿಸುವ ಪಟ್ಟಿ, ಮಾಡುವುದು ಕಲಿತೆ. ಅಂಟುವಾಳ ಇರುವ ಬಿಲ್ 14. ಗಿರಾಕಿಗಳು 9 ಜನ. ಆ ಬಿಲ್‌ಗಳ ಸರಾಸರಿ 2,140 ರೂಪಾಯಿ. ನಮ್ಮ ಅಂಗಡಿಯ ಒಟ್ಟು ಸರಾಸರಿ ಬಿಲ್ 190 ರೂಪಾಯಿ. ಆ ಒಂಬತ್ತು ಫೋನ್ ನಂಬರ್‌ಗಳ ಇಡೀ ವರ್ಷದ ವ್ಯಾಪಾರ ಕೂಡಿಸಿದೆ. ಎರಡೂಮುಕ್ಕಾಲು ಲಕ್ಷ ದಾಟಿತು. ಲ್ಯಾಪ್‌ಟಾಪ್ ತಿರುಗಿಸಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ‘ಇದನ್ನ ತಿಳಿಯೋಕೆ ಎರಡು ರಾತ್ರಿ ಬೇಕಾತಾ?’ ಅಂದರು.

ಅಂಟುವಾಳ ಈಗಲೂ ಇದೆ. ಆ ಪಟ್ಟಿಯಲ್ಲಿ ಈಗಲೂ ಮೊದಲನೆಯದೇ.

ಇಂಥ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು ಅಂತಿರುವವರಿಗೆ ಒಂದು ಮಾತು. ಡೆಮೊದಲ್ಲಿ ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ. ಅದಕ್ಕೆ ಮೊದಲು ಮಾಡಬೇಕಾದ ಕತ್ತೆ ಚಾಕರಿಯನ್ನು ತೋರಿಸುವುದಿಲ್ಲ. ನಮ್ಮಲ್ಲಿ ಸುಮಾರು 2,300 ಐಟಂ. ಪ್ರತಿಯೊಂದರ ಹೆಸರು, ಅಳತೆ, ಎಂಆರ್‌ಪಿ, ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಯಾವ ಬಗೆಯ ಮಾಲು ಅಂತ ಗುರುತಿಸುವ ನಂಬರ್), ತೆರಿಗೆ ಎಲ್ಲ ಮೊದಲೇ ತುಂಬಬೇಕು. ಇಪ್ಪತ್ತೆರಡು ದಿನ ಹಿಡಿಯಿತು. ಮೂವರು ತುಂಬಿದೆವು, ಮೂವರೂ ಮೂರು ತರಹ ತುಂಬಿದೆವು. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ತೊಗರಿಬೇಳೆಯನ್ನು ಒಬ್ಬ ‘ತೂರ್ ದಾಲ್’ ಅಂತ ಹಾಕಿದ, ಇನ್ನೊಬ್ಬ ‘ತೊಗರಿ’, ನಾನು ಎಚ್ ಸೇರಿಸಿ ‘ತೊಗರಿ ಬೇಳೆ’. ಒಟ್ಟು ಏಳು ತೊಗರಿಬೇಳೆ ಆದವು. ಮೂರು ತಿಂಗಳು ಸಾಫ್ಟ್‌ವೇರ್ ನಮಗೆ ‘ತೊಗರಿಬೇಳೆ ಅಷ್ಟೇನೂ ಹೋಗುವುದಿಲ್ಲ’ ಅಂತಲೇ ಹೇಳುತ್ತಿತ್ತು. ಒಂದು ಮಾಲು ಏಳು ಹೆಸರಲ್ಲಿ ಹಂಚಿಹೋದರೆ ಅದಾದರೂ ಏನು ಮಾಡೀತು!

ಮಂಡಕ್ಕಿಯದು ಇನ್ನೂ ಚೆಂದ. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದೆ ಅಂಗಡಿ ಇಲ್ಲ. ಭಟ್ಟಿಯಿಂದ ಬರುವುದು ಚೀಲದ ಲೆಕ್ಕದಲ್ಲಿ, ನಾವು ಕೊಡುವುದು ಸೇರಿನ ಲೆಕ್ಕದಲ್ಲಿ. ಒಂದು ಚೀಲಕ್ಕೆ ಎಷ್ಟು ಸೇರು ಅಂತ ಯಾರೂ ತುಂಬಲಿಲ್ಲ. ಹತ್ತು ಚೀಲ ಬಂದರೆ ಸ್ಟಾಕ್ ಹತ್ತು, ಒಂದು ಸೇರು ಮಾರಿದರೆ ಸ್ಟಾಕಿನಿಂದ ಒಂದು ಕಳೆಯಿತು. ತಿಂಗಳ ಕೊನೆಗೆ ನಮ್ಮ ಅಂಗಡಿಯಲ್ಲಿ ಮೈನಸ್ 290 ಮಂಡಕ್ಕಿ ಇತ್ತು. ಅದಕ್ಕೆ ಬೆಲೆಯನ್ನೂ ಕಟ್ಟಿ, ಆಸ್ತಿಯಿಂದ ಕಳೆದು ತೋರಿಸುತ್ತಿತ್ತು.

ಇದೆಲ್ಲ ನಗುವ ವಿಷಯ ಅಂತ ನಾನೂ ಅಂದುಕೊಂಡಿದ್ದೆ. 2025ರ ಸೆಪ್ಟೆಂಬರ್ 22 ಬರುವವರೆಗೆ. ಅವತ್ತಿನಿಂದ ಜಿಎಸ್‌ಟಿ ದರ ಬದಲಾಯಿತಲ್ಲ. ಮೈ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು ಎಲ್ಲ 18ರಿಂದ 5ಕ್ಕೆ. ತುಪ್ಪ, ಖಾರ ಮಿಕ್ಸ್ಚರ್ 12ರಿಂದ 5ಕ್ಕೆ. ಬಟ್ಟೆ ತೊಳೆಯುವ ಪೌಡರ್ ಮಾತ್ರ 18ರಲ್ಲೇ ಉಳಿಯಿತು. ಹಿಂದಿನ ರಾತ್ರಿ ಕಂಪನಿಯವರು ಅಪ್‌ಡೇಟ್ ಕಳಿಸಿದರು. ಒಂದು ಬಟನ್ ಒತ್ತಿದರೆ ಎಚ್‌ಎಸ್‌ಎನ್ ಕೋಡ್ ನೋಡಿಕೊಂಡು ಎಲ್ಲ ದರ ತಾನೇ ಬದಲಾಗುತ್ತದೆ. ಒತ್ತಿದೆ. ಎರಡು ನಿಮಿಷದಲ್ಲಿ ಮುಗಿಯಿತು. ಬೇರೆ ಅಂಗಡಿಯವರು ಪೆನ್ನು ಹಿಡಿದು ಕೂತಿದ್ದಾಗ ನಾನು ಊಟ ಮಾಡಿ ಮಲಗಿದೆ. ಇದಕ್ಕೆ ಕಂಪನಿಗೆ ಪೂರ್ತಿ ಮಾರ್ಕ್ಸ್.

ಬೆಳಿಗ್ಗೆ ಮೊದಲ ಗಿರಾಕಿಯೇ ಜಗಳ ತೆಗೆದರು. ನಾಲ್ಕು ಸೋಪಿನ ಪ್ಯಾಕಿಗೆ ಹಳೆಯ ತೆರಿಗೆಯೇ ಬಿದ್ದಿತ್ತು. ನೋಡಿದರೆ, ಆ 2,300 ಐಟಂ ತುಂಬುವಾಗ ಕೋಡ್ ಹುಡುಕಲು ಬೇಜಾರಾಗಿ 170 ಐಟಂಗೆ ನಾನೇ ‘0000’ ಅಂತ ಹೊಡೆದಿದ್ದೆ. ಸೋಪಿನ ಕೋಡ್ 3401 ಅಂತ ಹಾಕಲು ಎಷ್ಟು ಹೊತ್ತು ಬೇಕಿತ್ತು ಹೇಳಿ. ಸಾಫ್ಟ್‌ವೇರ್ ತನಗೆ ಗೊತ್ತಿದ್ದ ಕೋಡ್‌ಗಳನ್ನೆಲ್ಲ ಬದಲಾಯಿಸಿತ್ತು, ಸೊನ್ನೆಗಳನ್ನು ಮುಟ್ಟಿರಲಿಲ್ಲ. ಅವತ್ತು ಮಧ್ಯಾಹ್ನದವರೆಗೆ ಶಟರ್ ಅರ್ಧ ಎಳೆದು 170 ಐಟಂ ಕೂತು ತುಂಬಿದೆ. ಈ ತಪ್ಪಿಗೆ ಸಾಫ್ಟ್‌ವೇರನ್ನು ಬೈಯುವಂತಿಲ್ಲ.

ಡೇಟಾ ಅರ್ಧಂಬರ್ಧ ಇದ್ದರೆ ಎಷ್ಟು ರಾದ್ಧಾಂತ ಆಗುತ್ತದೆ ಅಂತ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲೇ ಗೊತ್ತಾಗಿತ್ತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಲೆಕ್ಕ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ದಾಟಿದವರಿಗೆ, ಸೇವೆ ಕೊಡುವವರಾದರೆ 20 ಲಕ್ಷ ದಾಟಿದವರಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದಿದ್ದು ಎಲ್ಲ ಪೇಪರಿನಲ್ಲೂ ಬಂತು. ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಯುಪಿಐ ಲೆಕ್ಕದಲ್ಲಿ ದುಡ್ಡು ಬಂದಿದ್ದು ಕಾಣುತ್ತದೆ, ಬದನೆಕಾಯಿ ಹೋಗಿದ್ದು ಕಾಣುವುದಿಲ್ಲವಲ್ಲ. ಅಂಗಡಿಗಳ ಮುಂದಿನ ಕ್ಯೂಆರ್ ಸ್ಟಿಕರ್ ಕಿತ್ತರು, ‘ಕ್ಯಾಶ್ ಮಾತ್ರ’ ಬೋರ್ಡ್ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದ ಮೇಲೆ ತಣ್ಣಗಾಯಿತು. ನಮಗೆ ಆ ತಲೆನೋವು ಬರಲಿಲ್ಲ. 2017ರಿಂದ ಜಿಎಸ್‌ಟಿ ಕಟ್ಟುತ್ತಿದ್ದೇವೆ, ಪ್ರತಿ ರೂಪಾಯಿಗೂ ಯಾವ ಮಾಲು ಅಂತ ಬಿಲ್ ಇದೆ. ಪಕ್ಕದ ಟೀ ಅಂಗಡಿಯವರು ಒಂದು ವಾರ ನಮ್ಮ ಅಂಗಡಿಗೆ ಬಂದು ನಮ್ಮ ಬಿಲ್ ಪ್ರಿಂಟರನ್ನೇ ನೋಡುತ್ತಾ ನಿಲ್ಲುತ್ತಿದ್ದರು.

ಇನ್ನು ದೂರುಗಳು. ದೊಡ್ಡದು ಒಂದೇ: ನಮ್ಮ ಡೇಟಾ ನಮ್ಮ ಕೈಗೆ ಸಲೀಸಾಗಿ ಸಿಗುವುದಿಲ್ಲ. ಒಂದು ಸಲಕ್ಕೆ ಮೂರು ತಿಂಗಳ ಬಿಲ್ ಮಾತ್ರ ಎಕ್ಸೆಲ್‌ಗೆ ಇಳಿಯುತ್ತದೆ. ಇಡೀ ವರ್ಷ ಬೇಕೆಂದರೆ ನಾಲ್ಕು ಸಲ ಇಳಿಸಿ ಅಂಟಿಸಬೇಕು. ಪೂರ್ತಿ ಡೇಟಾ ಒಂದೇ ಫೈಲಿನಲ್ಲಿ ಕೊಡಿ ಅಂದರೆ ‘ಪ್ರೀಮಿಯಂ ತಗೊಳ್ಳಿ’ ಅನ್ನುತ್ತಾರೆ. ನಾನು ಬೇರೆ ಸಾಫ್ಟ್‌ವೇರ್‌ಗೆ ಹೋಗಬಾರದು ಅಂತ ಹಾಕಿದ ಬೇಲಿ ಇದು, ಮತ್ತೇನಲ್ಲ. ಕೊಳ್ಳುವ ಮೊದಲು ಡೆಮೊದಲ್ಲಿ ಗ್ರಾಫ್ ನೋಡಬೇಡಿ. ‘ಎಲ್ಲ ಬಿಲ್ಲೂ ಎಕ್ಸೆಲ್‌ಗೆ ಇಳಿಸಿ ತೋರಿಸಿ’ ಅನ್ನಿ. ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಗಿರಾಕಿಗಳ ಫೋನ್ ನಂಬರ್. ಬಿಲ್ ಹೊಡೆಯುವಾಗ ನಂಬರ್ ಹಾಕದಿದ್ದರೆ ಮುಂದಕ್ಕೇ ಹೋಗದ ಹಾಗೆ ಮೊದಲು ಸೆಟ್ಟಿಂಗ್ ಇತ್ತು. ಐದು ರೂಪಾಯಿ ಬೆಂಕಿಪೊಟ್ಟಣಕ್ಕೂ ನಂಬರ್ ಕೇಳುವುದು ನನಗೇ ಕಸಿವಿಸಿ. 2023ರಲ್ಲೇ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ, ಜನರ ಒಪ್ಪಿಗೆ ಬೇಕು ಅಂತ ನಾನು ಹೇಳಿದಾಗ ಕಸ್ಟಮರ್ ಕೇರ್ ಹುಡುಗಿ ‘ಅದು ದೊಡ್ಡ ಕಂಪನಿಗಳಿಗೆ ಸಾರ್’ ಅಂದಳು. ಮೂರು ಸಲ ಫೋನ್ ಮಾಡಿದ ಮೇಲೆ ಆ ಸೆಟ್ಟಿಂಗ್ ತೆಗೆದರು. ಈಗ ತಿಂಗಳ ಸಾಮಾನು ಒಯ್ಯುವವರ ನಂಬರ್ ಮಾತ್ರ, ಅದೂ ಕೇಳಿಯೇ ಹಾಕುತ್ತೇವೆ. ಕಸ್ಟಮರ್ ಕೇರ್ ಕನ್ನಡದಲ್ಲಿ ಮಾತಾಡುತ್ತದೆ. ಆದರೆ ಬಿಲ್ ಕನ್ನಡದಲ್ಲಿ ಬರುವುದಿಲ್ಲ. ‘ಮುಂದಿನ ಅಪ್‌ಡೇಟ್‌ನಲ್ಲಿ’ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇನೆ.

ಐದಕ್ಕೆ ಎಷ್ಟು ಸ್ಟಾರ್ ಅಂದರೆ: ಬಿಲ್ಲಿಂಗ್, ಎಕ್ಸ್‌ಪೈರಿ, ತೆರಿಗೆಗೆ ನಾಲ್ಕೂವರೆ. ಲೆಕ್ಕ ಬರೆಯುವ ಗುಮಾಸ್ತನಾಗಿ ಇದು ಅಪ್ಪಟ ಚಿನ್ನ. ‘ಸ್ಮಾರ್ಟ್ ಅನಾಲಿಟಿಕ್ಸ್’ಗೆ ಒಂದೂವರೆ. ಅದು ಹೇಳಿದ್ದನ್ನು ಕೇಳುವ ಬದಲು ನಾವೇ ಪ್ರಶ್ನೆ ಕೇಳಿ ಉತ್ತರ ಕಿತ್ತುಕೊಳ್ಳಬೇಕು, ಅದೂ ಎಕ್ಸೆಲ್‌ನಲ್ಲಿ. ಐವತ್ತು ನೂರು ಐಟಂ ಇರುವ ಸಣ್ಣ ಅಂಗಡಿಗೆ ಇದು ಬೇಡವೇ ಬೇಡ. ಸಾವಿರ ದಾಟಿದರೆ ತೆಗೆದುಕೊಳ್ಳಿ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅನ್ನುತ್ತಾರೆ. ನಾನು ಒಂದು ವರ್ಷಕ್ಕೇ ಕಟ್ಟಿದ್ದೇನೆ.

ಮೊನ್ನೆ ಜಾತ್ರೆ ಆರ್ಡರ್‌ಗೆ ಕೂತೆವು. ಸಾಫ್ಟ್‌ವೇರ್ ಕಳೆದ ವರ್ಷದ ಜಾತ್ರೆಯಿಲ್ಲದ ಮಾರಾಟ ನೋಡಿಕೊಂಡು ಕೊಬ್ಬರಿಗೆ ‘14 ಕೆಜಿ’ ಅಂತ ತೋರಿಸಿತು. ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. 2024ರ ಬಿಲ್‌ಗಳನ್ನು ತೆಗೆದು ನೋಡಿ 90 ಅಂತ ಟೈಪ್ ಮಾಡಿದೆ. ಪರದೆ ಮೇಲೆ ಹಳದಿ ತ್ರಿಕೋನ ಬಂತು: ‘ಅಸಹಜ ಪ್ರಮಾಣ. ಮುಂದುವರಿಯಬೇಕೇ?’

ಓಕೆ ಒತ್ತಿದೆ.